ಮಧ್ಯಾಹ್ನ ಮೂರಕ್ಕೇ ದೀಪ ಹಚ್ಚುವ ಊರಿನಲ್ಲಿ

ಡಿಸೆಂಬರ್ 2, 2023, ಶನಿವಾರ

ವಿಮಾನ ಹೆಲ್ಸಿಂಕಿಯಲ್ಲಿ ಇಳಿದಾಗ ಮಧ್ಯಾಹ್ನ ಎರಡು ಗಂಟೆ. ಲಗೇಜು ಸಿಕ್ಕಿ, ಮಗಳು-ಅಳಿಯ ಸಿಕ್ಕಿ, ಮೊಮ್ಮಗಳು ನನ್ನ ಸೆರಗು ಹಿಡಿದುಕೊಂಡು ಹೊರಬಾಗಿಲು ದಾಟುವಷ್ಟರಲ್ಲಿ ಬೀದಿದೀಪ ಹತ್ತಿತ್ತು. ನಮ್ಮವರು ವಾಚು ನೋಡಿದರು, ಆಕಾಶ ನೋಡಿದರು, ಮತ್ತೆ ವಾಚು ನೋಡಿದರು. ಊರಿಗಿಂತ ಮೂರೂವರೆ ಗಂಟೆ ಹಿಂದೆ ತಿರುಗಿಸಿದ್ದು ಎಲ್ಲೋ ತಪ್ಪಿದೆ ಅಂತ ಅವರ ಗುಮಾನಿ. ತಪ್ಪಿರಲಿಲ್ಲ. ಡಿಸೆಂಬರಿನಲ್ಲಿ ಫಿನ್‌ಲ್ಯಾಂಡಿನ ಈ ದಕ್ಷಿಣ ತುದಿಯಲ್ಲಿ ಮೂರೂಕಾಲಕ್ಕೆ ಸೂರ್ಯ ಮುಳುಗುತ್ತಾನೆ, ಅಷ್ಟೆ.

ಚಳಿಯ ಬಗ್ಗೆ ಎಲ್ಲರೂ ಹೆದರಿಸಿ ಕಳಿಸಿದ್ದರು. ಕತ್ತಲೆಯ ಬಗ್ಗೆ ಒಬ್ಬರೂ ಹೇಳಿರಲಿಲ್ಲ.

ಚೀಲದಲ್ಲಿ ಏನೇನು ತರಬಹುದು ಅನ್ನುವುದಕ್ಕೇ ತೀರ್ಥಹಳ್ಳಿಯಲ್ಲಿ ಒಂದು ವಾರ ಹಿಡಿದಿತ್ತು. ಯುರೋಪಿನೊಳಗೆ ಹಾಲಿನ ಪದಾರ್ಥ ತರುವಂತಿಲ್ಲ. ಹಾಗಾಗಿ ತುಪ್ಪ ಇಲ್ಲ, ಪೇಡೆ ಇಲ್ಲ, ಹೆಪ್ಪಿಗೆ ಒಂದು ಚಮಚ ಮೊಸರೂ ಇಲ್ಲ. ಕೊಬ್ಬರಿಯಲ್ಲಿ ಎಣ್ಣೆ ಇರುವುದರಿಂದ ಬೆಂಕಿ ಹೊತ್ತೀತೆಂದು ವಿಮಾನದವರು ಬೇಡ ಅನ್ನುತ್ತಾರೆ. ಆದರೆ ಹಸಿ ತೆಂಗಿನಕಾಯಿಗೆ ಯುರೋಪಿನವರ ಅಡ್ಡಿಯಿಲ್ಲ! ಬಾಳೆಹಣ್ಣು, ಅನಾನಸ್, ಖರ್ಜೂರದ ಜೊತೆ ಅದಕ್ಕೂ ವಿನಾಯಿತಿ. ಜುಟ್ಟು ಸಮೇತ ಎರಡು ಕಾಯಿ ತಂದಿದ್ದೆ.

ಮಗಳ ಮನೆ ಇರುವುದು ಹೆಲ್ಸಿಂಕಿಗೆ ಅಂಟಿಕೊಂಡ ಎಸ್ಪೋ ನಗರದಲ್ಲಿ, ಮಾತಿನ್‌ಕ್ಯುಲಾ ಎಂಬ ಬಡಾವಣೆಯಲ್ಲಿ. ನಾಲ್ಕನೇ ಮಹಡಿ. ಇಲ್ಲಿ ಬಾಗಿಲಿನ ಮೇಲೆ ಮನೆಯವರ ಅಡ್ಡಹೆಸರು ಮಾತ್ರ ಬರೆದಿರುತ್ತಾರೆ. ನಮ್ಮ ಕಡೆ ಅಡ್ಡಹೆಸರು ಎಲ್ಲಿಂದ ತರುವುದು? ಪಾಸ್‌ಪೋರ್ಟಿನಲ್ಲಿ ಮಗಳ ಹೆಸರಿನ ಮುಂದೆ ಅಪ್ಪನ ಹೆಸರಿದೆ, ಅದೇ ಬಾಗಿಲಿಗೆ ಬಂದಿದೆ. ಹೀಗಾಗಿ ಸಾವಿರಾರು ಮೈಲಿ ದಾಟಿ ಬಂದ ನಮ್ಮವರಿಗೆ ತಮ್ಮದೇ ಹೆಸರಿನ ಫಲಕದ ಮನೆ ಸಿಕ್ಕಿತು. ಕೋಟು ಬಿಚ್ಚುವ ಮೊದಲೇ ಅದರ ಫೋಟೋ ತೆಗೆದು ಅಣ್ಣನಿಗೆ ಕಳಿಸಿದರು.

ಡಿಸೆಂಬರ್ 3

ಬೆಳಿಗ್ಗೆ ಐದಕ್ಕೆ ಎಚ್ಚರ. ಬೆಳಕು ಹರಿದದ್ದು ಒಂಬತ್ತಕ್ಕೆ. ನಡುವಿನ ನಾಲ್ಕು ತಾಸು ಅಡುಗೆಮನೆ ಪರಿಚಯ ಮಾಡಿಕೊಂಡೆ. ಸಿಂಕಿನ ಮೇಲಿನ ಕಪಾಟು ತೆಗೆದರೆ ಅದಕ್ಕೆ ತಳವೇ ಇಲ್ಲ, ಬರೀ ಕಂಬಿ. ತೊಳೆದ ತಟ್ಟೆ ಹಾಗೇ ಮೇಲಿಟ್ಟು ಬಾಗಿಲು ಹಾಕಿದರೆ ಆಯಿತು, ನೀರು ಸಿಂಕಿಗೇ ಸೋರುತ್ತದೆ. ಮೂವತ್ತು ವರ್ಷ ಪಾತ್ರೆ ಬೋರಲು ಹಾಕಿ ಒರೆಸಿಟ್ಟವಳಿಗೆ ಇದನ್ನು ಕಂಡು ಸ್ವಲ್ಪ ಸಿಟ್ಟೇ ಬಂತು.

ಇನ್ನೊಂದು ಸಮಾಚಾರ. ಅಮೆರಿಕಕ್ಕೆ ಹೋಗಿಬಂದ ನೆಂಟರೆಲ್ಲ ಪಾಯಿಖಾನೆಯಲ್ಲಿ ಚೊಂಬು ಹುಡುಕಿದ ಕಥೆ ಹೇಳುತ್ತಾರೆ. ಇಲ್ಲಿ ಆ ಪಾಡಿಲ್ಲ. ಮನೆಮನೆಯಲ್ಲೂ ಕೈಯಲ್ಲಿ ಹಿಡಿಯುವ ಪುಟ್ಟ ಪಿಚಕಾರಿ ಇದೆ. ಈ ದೇಶದ ಬಗ್ಗೆ ನನಗೆ ಗೌರವ ಹುಟ್ಟಿದ್ದು ಇಲ್ಲಿಂದಲೇ.

ಹೆಪ್ಪಿಗೆಂದು ಅಳಿಯ ಅಂಗಡಿಯಿಂದ ವೀಲಿ ಎಂಬುದನ್ನು ತಂದ. ನೋಡಲು ಮೊಸರಿನ ಹಾಗೇ. ಚಮಚ ಎತ್ತಿದರೆ ಹಲಸಿನ ಮೇಣದಂತೆ ಎಳೆ ಎಳೆಯಾಗಿ ಜೊತೆಗೇ ಬರುತ್ತದೆ. ಅದರಲ್ಲಿ ಹೆಪ್ಪು ಹಾಕಿದ ಹಾಲೂ ಲೋಳೆಯಾಯಿತು. ಮಾರನೇ ದಿನ ಪೀಮಾ ತರಿಸಿದೆ. ಅದು ಹುಳಿ ಮಜ್ಜಿಗೆ, ಡಬ್ಬಿಯಲ್ಲಿ ಸಿಗುತ್ತದೆ, ಮಜ್ಜಿಗೆಹುಳಿಗೆ ಅಷ್ಟು ಸೊಗಸಾಗಿ ಒಗ್ಗುತ್ತದೆ. ಹೆಪ್ಪಿಗೂ ಆದೀತು.

ಡಿಸೆಂಬರ್ 6

ಇವರ ಸ್ವಾತಂತ್ರ್ಯ ದಿನ. 1917ರಲ್ಲಿ ರಷ್ಯಾದಿಂದ ಬಿಡಿಸಿಕೊಂಡದ್ದು. ಮೆರವಣಿಗೆ, ಧ್ವನಿವರ್ಧಕ ಇರುತ್ತದೆಂದು ನಾನು ಸೀರೆ ಉಟ್ಟು ಸಿದ್ಧಳಾದರೆ ಮಗಳು ನಕ್ಕಳು. ಸಂಜೆ ಆರಕ್ಕೆ ಕಿಟಕಿಯಲ್ಲಿ ಎರಡು ಮೇಣದಬತ್ತಿ ಹಚ್ಚಿಟ್ಟಳು. ಎದುರಿನ ಕಟ್ಟಡದಲ್ಲೂ ಒಂದೊಂದೇ ಕಿಟಕಿಯಲ್ಲಿ ಎರಡೆರಡು ದೀಪ. ಹಿಮ, ಕತ್ತಲು, ದೀಪ, ಸದ್ದೇ ಇಲ್ಲ. ಕಾರ್ತಿಕದ ದೀಪೋತ್ಸವಕ್ಕೆ ಯಾರೋ ಬಂದವರು ಜಾಗಟೆ ಮರೆತಂತಿತ್ತು.

ಆಮೇಲೆ ಟೀವಿ. ಅಧ್ಯಕ್ಷರ ಅರಮನೆಗೆ ಸಾಲುಗಟ್ಟಿ ಬಂದ ಅತಿಥಿಗಳ ಕೈಯನ್ನು ಆಗಿನ ಅಧ್ಯಕ್ಷ ನೀನಿಸ್ತೊ ಮತ್ತು ಅವರ ಪತ್ನಿ ಒಬ್ಬೊಬ್ಬರದಾಗಿ ಕುಲುಕಿದರು. ಗಂಟೆಗಟ್ಟಲೆ ಅಷ್ಟೇ. ಇಡೀ ದೇಶ ಕೂತು ನೋಡುತ್ತದೆ. ನಮ್ಮವರು ಇನ್ನೂರರವರೆಗೆ ಎಣಿಸಿ ನಿದ್ದೆ ಹೋದರು.

ಡಿಸೆಂಬರ್ 11, ಸೋಮವಾರ

ಇದನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕು.

ಮಗಳು, ಅಳಿಯ ಕೆಲಸಕ್ಕೆ ಹೋಗಿದ್ದರು. ಮೊಮ್ಮಗಳನ್ನು ಶಿಶುವಿಹಾರಕ್ಕೆ ಬಿಡಲು ನಮ್ಮವರು ಹೋಗಿದ್ದರು. ಅಲ್ಲಿಂದ ಖಾಲಿ ಬಾಟಲಿ ಹಿಂತಿರುಗಿಸಲು ಅಂಗಡಿಗೆ ಹೋಗುವುದು ಅವರ ಹೊಸ ಉದ್ಯೋಗ. ಗೋಡೆಯ ತೂತಿನೊಳಗೆ ಡಬ್ಬಿ ಹಾಕಿದರೆ ಯಂತ್ರ ನುಂಗಿ ಚೀಟಿ ಕೊಡುತ್ತದೆ: ತಗಡಿನ ಡಬ್ಬಿಗೆ 15 ಸೆಂಟ್, ದೊಡ್ಡ ಪ್ಲಾಸ್ಟಿಕ್ ಬಾಟಲಿಗೆ 40. ಚೀಟಿಯನ್ನು ಗಲ್ಲಾದಲ್ಲಿ ಕೊಟ್ಟರೆ ದುಡ್ಡು. ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ದುಡಿದ ಮನುಷ್ಯನಿಗೆ ಇದರಲ್ಲಿ ಸಿಗುವ ಆನಂದ ನನಗೆ ಅರ್ಥವಾಗಲಿಲ್ಲ.

ನಾನು ತರಕಾರಿ ಸಿಪ್ಪೆಯ ಚೀಲ ಹಿಡಿದು ಕೆಳಗಿಳಿದೆ. ಅಂಗಳದಲ್ಲಿ ಕಸಕ್ಕೊಂದು ಮಾಡು. ಹಸಿ ಕಸ, ರಟ್ಟು, ಪ್ಲಾಸ್ಟಿಕ್, ಗಾಜು, ಲೋಹ ಎಲ್ಲಕ್ಕೂ ಬೇರೆ ಬೇರೆ ಡಬ್ಬ. ಎರಡು ನಿಮಿಷದ ಕೆಲಸವಲ್ಲವೇ ಅಂತ ನೈಟಿಯ ಮೇಲೆ ಸ್ವೆಟರ್, ಕಾಲಿಗೆ ಮನೆಚಪ್ಪಲಿ. ಹಿಂದಿರುಗಿ ಬಂದರೆ ಕಟ್ಟಡದ ಬಾಗಿಲು ತೆಗೆಯುತ್ತಿಲ್ಲ. ಇಲ್ಲಿ ಎಲ್ಲ ಬಾಗಿಲೂ ತಾನಾಗಿ ಬೀಗ ಹಾಕಿಕೊಳ್ಳುತ್ತದೆ, ಹೊರಗಿನಿಂದ ಕೀಲಿ ಇಲ್ಲದೆ ಜಪ್ಪಯ್ಯ ಅಂದರೂ ಬಿಚ್ಚುವುದಿಲ್ಲ. ಮಗಳು ಇದನ್ನು ಮೊದಲ ದಿನವೇ ಹೇಳಿದ್ದಳು. ಕೀಲಿ ಗೂಟದಲ್ಲಿ, ಫೋನು ಒಲೆಯ ಪಕ್ಕ. ಹೊರಗೆ ಮೈನಸ್ ಹನ್ನೊಂದು.

ಮೈನಸ್ ಹನ್ನೊಂದರಲ್ಲಿ ಚಳಿ ಮೊದಲು ಮೂಗಿನೊಳಗೆ ಗೊತ್ತಾಗುತ್ತದೆ. ಉಸಿರೆಳೆದರೆ ಮೂಗಿನ ಕೂದಲು ಅಂಟಿಕೊಂಡು ಚುರ್ ಅನ್ನುತ್ತದೆ. ಆಮೇಲೆ ಕಿವಿ. ಕಾಲಿನ ಸರದಿ ಬರುವ ಹೊತ್ತಿಗೆ ಎಷ್ಟು ಹೊತ್ತಾಯಿತೆಂದು ಲೆಕ್ಕ ಸಿಗುವುದಿಲ್ಲ. ಕರೆಗಂಟೆಯ ಗುಂಡಿಗಳ ಪಕ್ಕ ಬರೆದ ಹೆಸರು ಓದಿದೆ. ಯಾರದನ್ನು ಒತ್ತುವುದು, ಒತ್ತಿ ಏನನ್ನುವುದು?

ಅಷ್ಟರಲ್ಲಿ ಎರಡೂ ಕೈಯಲ್ಲಿ ಕೋಲು ಊರಿಕೊಂಡು ಒಬ್ಬ ಅಜ್ಜಿ ಬಂದರು. ನಮ್ಮ ಎದುರುಮನೆಯವರು. ಒಂಬತ್ತು ದಿನದಲ್ಲಿ ಮೂರು ಸಲ ಲಿಫ್ಟಿನಲ್ಲಿ ಸಿಕ್ಕಿದ್ದರು, ಮೂರು ಸಲವೂ ಇಬ್ಬರೂ ನೆಲ ನೋಡಿದ್ದೆವು. ಈ ಸಲ ಅವರು ನನ್ನ ಚಪ್ಪಲಿ ನೋಡಿದರು. ಏನೂ ಕೇಳಲಿಲ್ಲ. ಬಾಗಿಲು ತೆರೆದು, ತೋಳು ಹಿಡಿದು, ಸೀದಾ ತಮ್ಮ ಮನೆಗೆ ಕರೆದೊಯ್ದು, ಕಾಲಿನ ಮೇಲೆ ಉಣ್ಣೆಯ ಶಾಲು ಹೊದಿಸಿ ಕಾಫಿಗಿಟ್ಟರು.

ಕಾಫಿ ತೆಳುವು. ನಮ್ಮ ಎರಡನೇ ಡಿಕಾಕ್ಷನ್ನಿಗೂ ಇದಕ್ಕಿಂತ ಖಾರ ಹೆಚ್ಚು. ಆದರೆ ಜಗತ್ತಿನಲ್ಲಿ ತಲಾವಾರು ಅತಿ ಹೆಚ್ಚು ಕಾಫಿ ಕುಡಿಯುವವರ ಸಾಲಿನಲ್ಲಿ ಫಿನ್ನರು ಮುಂದಿದ್ದಾರೆ. ಆ ತೆಳುವನ್ನು ದೊಡ್ಡ ಮಗ್ಗಿನಲ್ಲಿ ಮೂರು ಸಲ ತುಂಬಿ ಕೊಟ್ಟಾಗ ಅದು ಹೇಗೆಂದು ಗೊತ್ತಾಯಿತು. ಜೊತೆಗೆ ಏಲಕ್ಕಿ ಹಾಕಿದ ಬನ್ನು. ಹೌದು, ಏಲಕ್ಕಿ. ಇಲ್ಲಿನ ಪುಲ್ಲ ಎಂಬ ಬನ್ನಿಗೆ ಏಲಕ್ಕಿ ಇಲ್ಲದಿದ್ದರೆ ಆಗುವುದೇ ಇಲ್ಲವಂತೆ. ಸಕಲೇಶಪುರ, ಮಡಿಕೇರಿ ಕಡೆ ಬೆಳೆಯುವುದನ್ನು ಈ ಹಿಮದಲ್ಲಿ ಕೂತು ಪುಡಿಮಾಡುತ್ತಾರೆ. ನಾನು ಬನ್ನು ಮೂಸಿ ನೋಡಿ "ಏಲಕ್ಕಿ" ಅಂದೆ. ಅವರು "ಕಾರ್ದೆಮುಮ್ಮ" ಅಂದರು. ಒಂದು ಗಂಟೆಯಲ್ಲಿ ನಾವು ಆಡಿದ್ದು ಇಷ್ಟೇ ಮಾತು.

ನಮ್ಮವರು 2 ಯೂರೋ ಚಿಲ್ಲರೆ ಸಂಪಾದಿಸಿ ವಿಜಯಿಯಾಗಿ ಬಂದರು.

ರಾತ್ರಿ ಮಗಳು ಕೀಲಿಗೆ ದಾರ ಕಟ್ಟಿ ನನ್ನ ಕೊರಳಿಗೆ ಹಾಕಿದಳು. ತಾಳಿ ಸರದ ಜೊತೆ ಅದೂ ಸೇರಿತು.

ಡಿಸೆಂಬರ್ 14, ಗುರುವಾರ

ಸೌನಾ ಎಂಬ ಹಬೆಸ್ನಾನದ ಸರದಿ. ಕಟ್ಟಡಕ್ಕೆಲ್ಲ ಸೇರಿ ಕೆಳಗೊಂದು ಸೌನಾ, ಮನೆಗೊಂದು ಗಂಟೆ. ನಮ್ಮದು ಗುರುವಾರ ಸಂಜೆ ಏಳರಿಂದ. ಐವತ್ತಾರು ಲಕ್ಷ ಜನರ ದೇಶದಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಸೌನಾಗಳಿವೆ. 2020ರಲ್ಲಿ ಈ ಪದ್ಧತಿ ಯುನೆಸ್ಕೋದ ಪರಂಪರೆಯ ಪಟ್ಟಿಗೂ ಸೇರಿತು.

ಮೊದಲು ಹೆಂಗಸರು. ನಾನು ಸೀರೆಯ ಒಳಲಂಗವನ್ನು ಎದೆಗೆ ಕಟ್ಟಿಕೊಂಡು ಹೋದೆ, ಹೊಳೆಗೆ ಇಳಿಯುವವಳ ಹಾಗೆ. ಇಲ್ಲಿಯವರು ಬರಿ ಮೈಯಲ್ಲೇ ಕೂರುತ್ತಾರೆ. ಮಗಳು, "ಅಮ್ಮ, ನಿನ್ನಿಷ್ಟ" ಅಂದಳು. ನನ್ನಿಷ್ಟವನ್ನು ಇಲ್ಲಿ ಬರೆಯುವುದಿಲ್ಲ.

ಮರದ ಮೆಟ್ಟಿಲು, ಮೂಲೆಯಲ್ಲಿ ಕಲ್ಲು ಪೇರಿಸಿದ ಒಲೆ, ಎಂಬತ್ತು ಡಿಗ್ರಿ. ಸೌಟಿನಲ್ಲಿ ನೀರು ಮೊಗೆದು ಕಲ್ಲಿನ ಮೇಲೆ ಸುರಿದರೆ ಚೊಂಯ್ ಎಂದು ಎದ್ದ ಹಬೆ ಮೊದಲು ಮಾಡಿಗೆ ಹೋಗಿ, ಆಮೇಲೆ ಬೆನ್ನಿನ ಮೇಲೆ ಇಳಿಯುತ್ತದೆ. ಆ ಹಬೆಗೇ ಇವರಲ್ಲಿ ಬೇರೆ ಹೆಸರಿದೆ, ಲೋಯ್ಲು. ನನಗೆ ಅಮ್ಮನ ಮನೆಯ ಬಚ್ಚಲು ನೆನಪಾಯಿತು. ಹೊರಗೆ ಆಷಾಢದ ಮಳೆ, ಒಳಗೆ ಹಂಡೆಯ ಕೆಳಗೆ ಅಡಿಕೆ ಹಾಳೆಯ ಉರಿ, ಎಣ್ಣೆ ತಿಕ್ಕಿಸಿಕೊಂಡು ಮಿಂದು ಕಂಬಳಿ ಹೊದ್ದು ಬೆವರುವುದು. ಆಗುಂಬೆಯ ಬುಡದಲ್ಲಿ ತಿಂಗಳುಗಟ್ಟಲೆ ಬಿಸಿಲು ಕಾಣದೆ ಬೆಳೆದವಳು ನಾನು. ಹಗಲೇ ಲೈಟು ಹಾಕಿಕೊಂಡು ಪಾಠ ಮಾಡಿದವಳು. ಈ ಕತ್ತಲೆಗೆ ಇಷ್ಟು ದಿನ ಯಾಕೆ ಹೆದರಿದ್ದೆ ಅಂತ ಆ ಮೆಟ್ಟಿಲ ಮೇಲೆ ಕೂತು ಯೋಚಿಸಿದೆ. ನಮ್ಮಲ್ಲಿ ಕತ್ತಲೆ ಎಂದರೆ ಮಳೆ, ಮಳೆ ಎಂದರೆ ಸದ್ದು. ಹೆಂಚಿನ ಮೇಲೆ, ತೋಟದಲ್ಲಿ, ಹಳ್ಳದಲ್ಲಿ. ಇಲ್ಲಿ ಹಿಮ ಬೀಳುವುದು ಕೇಳಿಸುವುದೇ ಇಲ್ಲ.

ಡಿಸೆಂಬರ್ 22 ಮತ್ತು ನಂತರ

ವರ್ಷದ ಅತಿ ಚಿಕ್ಕ ಹಗಲು: 9.24ಕ್ಕೆ ಹುಟ್ಟಿದ ಸೂರ್ಯ 3.13ಕ್ಕೆ ಮುಳುಗಿದ. ಹುಟ್ಟಿದ ಎಂದು ಪೇಪರು ಹೇಳಿತು, ನಮಗೆ ಕಾಣಲಿಲ್ಲ. ಕ್ರಿಸ್‌ಮಸ್ ಮುನ್ನಾದಿನ ಮಧ್ಯಾಹ್ನ ಹನ್ನೆರಡಕ್ಕೆ ತುರ್ಕು ನಗರದಿಂದ ಶಾಂತಿಯ ಘೋಷಣೆ ಓದುವುದನ್ನು ಟೀವಿಯಲ್ಲಿ ನೋಡಿದೆವು. ಆಮೇಲೆ ಅಂಗಡಿ, ಬಸ್ಸು, ಬೀದಿ ಎಲ್ಲ ಮಲಗಿದವು. ಅಕ್ಕಿಯನ್ನು ಹಾಲಿನಲ್ಲಿ ಬೇಯಿಸಿದ ಗಂಜಿ ಇವರ ಹಬ್ಬದ ಊಟ. ಒಂದು ಬಾದಾಮಿ ಬಚ್ಚಿಟ್ಟಿರುತ್ತಾರೆ, ಸಿಕ್ಕವರಿಗೆ ಅದೃಷ್ಟ. ನಮ್ಮಲ್ಲಿ ಅದು ಮೊಮ್ಮಗಳಿಗೇ ಸಿಗುವಂತೆ ನಾನೇ ಬಡಿಸಿದೆ.

ಜನವರಿ 5, 2024

ಉತ್ತರದ ಎನೊಂತೆಕಿಯೊದಲ್ಲಿ ಮೈನಸ್ 44.3 ಡಿಗ್ರಿ ಎಂದು ಸುದ್ದಿ. ನಮ್ಮ ಕಿಟಕಿಯಾಚೆಯ ಥರ್ಮಾಮೀಟರ್ ಮೈನಸ್ 21 ತೋರಿಸುತ್ತಿತ್ತು. ಒಳಗೆ ಎಂದಿನಂತೆ 21, ಈ ಸಲ ಮೈನಸ್ ಇಲ್ಲದೆ. ಮೂರು ಪದರ ಗಾಜಿನ ಕಿಟಕಿ, ಅದರ ಕೆಳಗೆ ಬಿಸಿನೀರು ಹರಿಯುವ ರೇಡಿಯೇಟರ್. ಸಂಕ್ರಾಂತಿ ಹತ್ತಿರ ಬಂತಲ್ಲ, ಉಳಿಸಿಟ್ಟಿದ್ದ ಎರಡನೇ ಕಾಯಿ ಒಡೆದು, ಸಣ್ಣಗೆ ಹೆಚ್ಚಿ, ಪೇಪರ್ ಹಾಸಿ ರೇಡಿಯೇಟರಿನ ಮೇಲೆ ಹರವಿದೆ. ಐದು ದಿನಕ್ಕೆ ಗಲಗಲ ಅನ್ನುವ ಕೊಬ್ಬರಿ. ವಿಮಾನದವರು ಬೇಡ ಅಂದದ್ದನ್ನು ಇಲ್ಲಿನ ಬಿಸಿನೀರು ಮಾಡಿಕೊಟ್ಟಿತು.

ಮೊಮ್ಮಗಳನ್ನು ಹೊರಡಿಸುವ ಕೆಲಸ ಈಗ ನನ್ನದು. ಒಳಗೊಂದು ಉಣ್ಣೆಯ ಅಂಗಿ-ಚಡ್ಡಿ, ಅದರ ಮೇಲೆ ಇನ್ನೊಂದು, ಎರಡು ಜೊತೆ ಕಾಲುಚೀಲ, ತಲೆ-ಕೊರಳು ಮುಚ್ಚುವ ಕುಲಾವಿ, ಮೇಲೆ ಅಡಿಯಿಂದ ಮುಡಿಯವರೆಗೆ ಒಂದೇ ದಪ್ಪ ಚೀಲದಂಥ ಹಾಲರಿ, ಬೂಟು, ಕೊನೆಗೆ ಕೈಗವಸು. ಹೆಬ್ಬೆರಳು ಅದರ ಮನೆಗೆ ಹೋಗುವುದಕ್ಕೇ ಎರಡು ನಿಮಿಷ. ಎಲ್ಲ ಮುಗಿದು ಜಿಪ್ ಎಳೆದ ಕೂಡಲೇ, "ಅಜ್ಜಿ, ಒಂದಕ್ಕೆ."

ಹೊರಟ ಮೇಲೆ ಕೋಟಿನ ಅಂಚಿಗೆ ಹೊಳೆಯುವ ಬಿಲ್ಲೆ ನೇತಾಡುತ್ತಿದೆಯೇ ನೋಡಬೇಕು. ಕತ್ತಲಲ್ಲಿ ನಡೆಯುವವರು ಅದನ್ನು ತೊಡಬೇಕೆಂಬುದು ಇಲ್ಲಿ ಕಾನೂನು. ಕಾರಿನ ಬೆಳಕು ಬಿದ್ದಾಗ ಬೀದಿಯಲ್ಲಿ ಮನುಷ್ಯರು ಕಾಣುವುದಿಲ್ಲ, ಮೊಣಕಾಲಿನ ಎತ್ತರದಲ್ಲಿ ಮಿಂಚುಹುಳುಗಳು ತೂಗುತ್ತಾ ಬರುತ್ತವೆ.

ಜನವರಿ 15, ಸಂಕ್ರಾಂತಿ

ಎಳ್ಳು, ಬೆಲ್ಲ, ಕಡಲೆಕಾಯಿ ಬೀಜ, ಹುರಿಗಡಲೆ ಊರಿಂದ ಬಂದಿತ್ತು, ಕೊಬ್ಬರಿ ಇಲ್ಲಿಯದು. ಬಟ್ಟಲಿಗೆ ಹಾಕಿ, ಮೇಲೊಂದು ಸಕ್ಕರೆ ಅಚ್ಚಿನ ಗಿಳಿ ಇಟ್ಟು ಎದುರುಮನೆಯ ಗಂಟೆ ಒತ್ತಿದೆ. ಮೊಮ್ಮಗಳು ದುಭಾಷಿ. ನಾಲ್ಕು ವರ್ಷದ ಅವಳಿಗೆ ಎರಡೂ ಭಾಷೆ ನೀರು ಕುಡಿದಷ್ಟು ಸಲೀಸು. "ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡಿ ಅಂತ ಹೇಳು" ಅಂದೆ. ಹೇಳಿಯೇಬಿಟ್ಟ ಮೇಲೆ ಹೊಳೆಯಿತು, ಯಾವ ದೇಶದಲ್ಲಿ ನಿಂತು ಯಾರಿಗೆ ಮಾತಾಡಿ ಅನ್ನುತ್ತಿದ್ದೇನೆ ಎಂದು!

ಅಜ್ಜಿ ಒಂದು ಚಿಟಿಕೆ ಬಾಯಿಗೆ ಹಾಕಿ ನಿಧಾನ ಅಗಿದರು. ಬಹಳ ಹೊತ್ತು ಸುಮ್ಮನಿದ್ದರು. ಇಲ್ಲಿ ಸುಮ್ಮನಿರುವುದೆಂದರೆ ಮುನಿಸಲ್ಲ ಅಂತ ಅಷ್ಟರಲ್ಲಿ ಕಲಿತಿದ್ದೆ, ಹಾಗಾಗಿ ನಾನೂ ಸುಮ್ಮನೆ ನಿಂತೆ. ಕೊನೆಗೆ "ಹ್ಯುವ್ಯಾ" ಅಂದರು. ಒಳ್ಳೆಯದು. ಎಂದರೆ ನಾನು ಕೇಳಿದ ಒಳ್ಳೇ ಮಾತನ್ನು ಅಕ್ಷರಶಃ ಆಡಿದರು. ಸಕ್ಕರೆ ಗಿಳಿಯನ್ನು ಮಾತ್ರ ತಿನ್ನಲಿಲ್ಲ. ಅವರ ಕಿಟಕಿಯಲ್ಲಿ ಅದನ್ನು ಫೆಬ್ರುವರಿಯಲ್ಲೂ ಕಂಡೆ.

ಜನವರಿ 21, ಭಾನುವಾರ

ನಮ್ಮವರು ಸಮುದ್ರದ ಮೇಲೆ ನಡೆದರು. ಇಲ್ಲಿನ ಕಡಲಿನಲ್ಲಿ ಉಪ್ಪು ಬಹಳ ಕಡಿಮೆ, ಸಾವಿರಕ್ಕೆ ಆರು ಪಾಲಿನ ಹತ್ತಿರ. ಮಹಾಸಾಗರದಲ್ಲಿ ಮೂವತ್ತೈದು. ಅದಕ್ಕೇ ಬೇಗ ಹೆಪ್ಪುಗಟ್ಟುತ್ತದೆ. ಜನ ಮಂಜುಗಡ್ಡೆಯ ಮೇಲೆ ನಾಯಿ ಹಿಡಿದು, ಮಕ್ಕಳನ್ನು ಜಾರುಬಂಡಿಯಲ್ಲಿ ಎಳೆದುಕೊಂಡು ತಿರುಗುತ್ತಿದ್ದರು. ಕೆಲವರ ಕೊರಳಲ್ಲಿ ಎರಡು ಮೊಳೆ-ಹಿಡಿ. ಬಿದ್ದರೆ ಅದನ್ನು ಮಂಜಿಗೆ ಚುಚ್ಚಿ ಮೇಲೆ ಬರಬೇಕು. ನಾನು ದಡದಲ್ಲೇ ನಿಂತೆ. ಇವರು ಇಪ್ಪತ್ತು ಹೆಜ್ಜೆ ಹೋಗಿ ಅಲ್ಲಿಂದ ಹೊನ್ನಾವರದ ಷಡ್ಡಕನಿಗೆ ವಿಡಿಯೋ ಕರೆ ಮಾಡಿದರು. ಆತ, "ಅಲ್ಲಿ ಮೀನು ಹಿಡಿಯೋದು ಹ್ಯಾಗೆ?" ಎಂದ. ಕಾರವಾರ, ಹೊನ್ನಾವರದವರಿಗೆ ಸಮುದ್ರ ಎಂದರೆ ಮೊದಲು ಹೊಳೆಯುವುದು ಅದೇ.

ಜನವರಿ 25

ಮೆಟ್ರೋ ನಿಲ್ದಾಣದ ಮೇಲೆ ಇಸೊ ಓಮೆನ ಎಂಬ ಮಾಲ್. ಹೆಸರಿನ ಅರ್ಥ ದೊಡ್ಡ ಸೇಬು. ಅದರೊಳಗೇ ನಗರದ ಗ್ರಂಥಾಲಯ. ದಿನವೂ ಅಲ್ಲಿ ಎರಡು ತಾಸು ಕೂರುತ್ತೇನೆ, ಫಿನ್ನಿಷ್ ಕಲಿಯುವ ಹುಚ್ಚು. ಕನ್ನಡ ಟೀಚರಿಗೆ ಇದು ಕಷ್ಟವಾಗಬಾರದು ಅನ್ನಿಸುತ್ತದೆ. ತಲೊ ಎಂದರೆ ಮನೆ. ತಲೊಸ್ಸ ಅಂದರೆ ಮನೆಯಲ್ಲಿ, ತಲೊಸ್ತ ಅಂದರೆ ಮನೆಯಿಂದ. ನಮ್ಮ ಹಾಗೇ ಬಾಲಕ್ಕೆ ಬಾಲ ಕಟ್ಟುವ ಭಾಷೆ. ನಮಗೆ ಏಳು ವಿಭಕ್ತಿ, ಸಂಬೋಧನೆ ಸೇರಿಸಿದರೆ ಎಂಟು. ಇವರಿಗೆ ಹದಿನೈದು. ಕುಕ ಅಂದರೆ ಯಾರು, ಕುಕ್ಕ ಅಂದರೆ ಹೂವು. ಒತ್ತು, ದೀರ್ಘ ತಪ್ಪಿದರೆ ಅರ್ಥವೇ ಬೇರೆ.

ಇವತ್ತು ಲಿಫ್ಟಿನ ಬಳಿ ಅಜ್ಜಿ ಸಿಕ್ಕರು. "ನಾಳೆ ಸಿಗೋಣ" ಅನ್ನುವುದನ್ನು ಹೊಸದಾಗಿ ಕಲಿತಿದ್ದೆ, ಧೈರ್ಯವಾಗಿ ಅಂದೆ: "ತಪನ್ ಸಿನುತ್ ಹುವೊಮೆನ್ನ." ಅಜ್ಜಿಯ ಹುಬ್ಬು ಮೇಲೇರಿತು. ಗೋಡೆ ಹಿಡಿದುಕೊಂಡು ನಕ್ಕರು. ಅವರು ನಗುವುದನ್ನು ಕಂಡದ್ದು ಅದೇ ಮೊದಲು. ಆಮೇಲೆ ಕೈಯನ್ನು ಗಾಳಿಯಲ್ಲಿ ಉದ್ದಕ್ಕೆ ಎಳೆದು ತೋರಿಸಿದರು: "ತಪಾ...ನ್." ರಾತ್ರಿ ಮಗಳು ಬಿಡಿಸಿ ಹೇಳಿದಳು. ತಪಾನ್ ಅಂದರೆ ಸಿಗುತ್ತೇನೆ. ತಪನ್ ಅಂದರೆ ಕೊಲ್ಲುತ್ತೇನೆ.

ಹ್ರಸ್ವ-ದೀರ್ಘ ತಪ್ಪಿದ್ದಕ್ಕೆ ಮೂವತ್ತೊಂದು ವರ್ಷ ಮಕ್ಕಳ ಅಂಕ ಕಡಿದವಳು ನಾನು. ಆ ಮಕ್ಕಳೆಲ್ಲ ಅವತ್ತು ಆ ಲಿಫ್ಟಿನ ಬಳಿ ಇರಬೇಕಿತ್ತು.

ಫೆಬ್ರುವರಿ 11

ಅಧ್ಯಕ್ಷರ ಚುನಾವಣೆಯ ಎರಡನೇ ಸುತ್ತು. ಮತ ಹಾಕುವುದು ಹೇಗೆಂದು ವಿಚಾರಿಸಿದೆ. ಮಡಚಿದ ಚೀಟಿಯಲ್ಲಿ ಅಭ್ಯರ್ಥಿಯ ಸಂಖ್ಯೆಯನ್ನು ಕೈಯಾರೆ ಬರೆದು ಪೆಟ್ಟಿಗೆಗೆ ಹಾಕುತ್ತಾರಂತೆ. ಬೆರಳಿಗೆ ಶಾಯಿ ಇಲ್ಲ. ಆರು ಚುನಾವಣೆಯಲ್ಲಿ ಡ್ಯೂಟಿ ಮಾಡಿ, ಶಾಲೆಯ ಬೆಂಚಿನ ಮೇಲೆ ರಾತ್ರಿ ಕಳೆದವಳಿಗೆ ಏನೋ ಬಿಟ್ಟುಹೋದಂತೆ ಅನ್ನಿಸಿತು. ರಾತ್ರಿ ಅಲೆಕ್ಸಾಂಡರ್ ಸ್ಟುಬ್ ಗೆದ್ದರು. ಪಟಾಕಿ ಕೇಳಿಸಲಿಲ್ಲ.

ಈಗ ಐದು ದಾಟಿದರೂ ಬೆಳಕಿದೆ. ದಿನಕ್ಕೆ ಐದಾರು ನಿಮಿಷ ಹಗಲು ಬೆಳೆಯುತ್ತಿದೆ. ಬೆಳಕು ಬಂದ ಮೇಲೆ ಮನೆಯ ಧೂಳು ಕಾಣತೊಡಗಿತು. ಮಗಳಿಗೂ ನನಗೂ ಮೊದಲ ಜಗಳ ಅದರಿಂದಲೇ ಆಯಿತು.

ಫೆಬ್ರುವರಿ 25, ಎಂಬತ್ತಾರನೇ ದಿನ

ವೀಸಾ ತೊಂಬತ್ತು ದಿನದ್ದು. ನಾಲ್ಕು ದಿನ ಕೈಯಲ್ಲಿಟ್ಟುಕೊಂಡು ಹೊರಟೆವು, ಬ್ಯಾಂಕಿನವರ ಬುದ್ಧಿ. ಎದುರುಮನೆ ಅಜ್ಜಿ ತಾವೇ ಹೆಣೆದ ಉಣ್ಣೆಯ ಕಾಲುಚೀಲ ಕೊಟ್ಟರು, ಬೂದು ಬಣ್ಣದ್ದು, ಮೇಲೆ ಕೆಂಪು ಪಟ್ಟಿ. ತೀರ್ಥಹಳ್ಳಿಯಲ್ಲಿ ಇದನ್ನು ಎಲ್ಲಿ ಹಾಕುತ್ತೀ ಎಂದು ಮಗಳು ಕೇಳಿದಳು. ಆಷಾಢಕ್ಕೆ ಆಗುತ್ತೆ ಅಂದೆ. "ತಪಾನ್" ಅಂತ ಮೂರು ಮಾತ್ರೆ ಹೆಚ್ಚೇ ಎಳೆದು ಹೇಳಿ ಲಿಫ್ಟು ಹತ್ತಿದೆ. ಕೀಲಿಯನ್ನು ಕೊರಳಿಂದ ತೆಗೆದು ಮಗಳಿಗೆ ಕೊಟ್ಟದ್ದು ವಿಮಾನ ನಿಲ್ದಾಣದಲ್ಲಿ, ಅದೂ ಅವಳು ಕೇಳಿದ ಮೇಲೆ.

ಬೆಂಗಳೂರಿನಲ್ಲಿ ಇಳಿದು ಟ್ಯಾಕ್ಸಿಗೆ ಚಿಲ್ಲರೆ ಹುಡುಕುತ್ತಾ ನಮ್ಮವರು ಕೋಟಿನ ಜೇಬಿಗೆ ಕೈ ಹಾಕಿದರು. ಬಂದದ್ದು ಬಾಟಲಿ ಯಂತ್ರದ ಚೀಟಿ. 1 ಯೂರೋ 95 ಸೆಂಟ್. ಗಲ್ಲಾದಲ್ಲಿ ಕೊಡುವುದು ಮರೆತುಹೋಗಿತ್ತು. ನೆಲಮಂಗಲ ದಾಟುವವರೆಗೂ ಒಂದು ಮಾತಾಡಲಿಲ್ಲ.